ಹಿನೆಬ್ರಾ–ಮೆರಾಲ್ಕೊ ಫೈನಲ್‌ಗಳು: ಎತ್ತರದ ನಿಯಮ ಹಿಡಿದು ಓದೋಣ

ಫಿಲಿಪೀನ್ಸ್‌ನ ಪಿಬಿಎ (ಫಿಲಿಪೀನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್) 1975ರಲ್ಲಿ ಶುರುವಾಯಿತು. ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಅದೇ. ಅದರ ಗವರ್ನರ್ಸ್ ಕಪ್ ಫೈನಲ್‌ನಲ್ಲಿ ಬರಂಗಾಯ್ ಹಿನೆಬ್ರಾ ಮತ್ತು ಮೆರಾಲ್ಕೊ ಬೋಲ್ಟ್ಸ್ ತಂಡಗಳು 2016ರಿಂದ 2022ರೊಳಗೆ ನಾಲ್ಕು ಸಲ ಮುಖಾಮುಖಿಯಾದವು. ನಾಲ್ಕೂ ಸಲ ಕಪ್ ಹಿನೆಬ್ರಾ ಪಾಲಾಯಿತು. ಬಹಳ ಮಂದಿ ಇದನ್ನು ಇಬ್ಬರು ಅಮೆರಿಕನ್ ಆಟಗಾರರ, ಜಸ್ಟಿನ್ ಬ್ರೌನ್ಲಿ ಮತ್ತು ಆಲನ್ ಡರಮ್ ಅವರ, ಜಿದ್ದಾಜಿದ್ದಿ ಎಂದೇ ಓದುತ್ತಾರೆ. ಹಾಗೆ ಓದಿದರೆ ಅರ್ಧ ಮಾತ್ರ ಕೈಗೆ ಸಿಗುತ್ತದೆ. ಕಪ್ ಯಾರದೆಂದು ತೀರ್ಮಾನಿಸುವುದರಲ್ಲಿ ಆ ಇಬ್ಬರ ಸುತ್ತ ನಿಂತಿದ್ದ ಎತ್ತರದ ಫಿಲಿಪಿನೊ ಆಟಗಾರರ ಪಾಲು ದೊಡ್ಡದು. ಅದಕ್ಕೆ ಕಾರಣ ಒಂದು ನಿಯಮ.

ಮೊದಲು ಲೀಗ್‌ನ ಕಟ್ಟು

ಅಮೆರಿಕದ ಲೀಗ್ ಎನ್‌ಬಿಎ ನೋಡಿ ರೂಢಿಯಾದವರು ಇಲ್ಲಿ ಮೂರು ಕಡೆ ಎಡವುತ್ತಾರೆ.

ಒಂದು, ತಂಡಗಳು ಊರಿನವಲ್ಲ, ಕಂಪನಿಗಳವು. ಹಿನೆಬ್ರಾ ಸ್ಯಾನ್ ಮಿಗೆಲ್ ಕಾರ್ಪೊರೇಷನ್‌ನದು. ಅದೇ ಮಾಲೀಕತ್ವದಲ್ಲಿ ಸ್ಯಾನ್ ಮಿಗೆಲ್ ಬಿಯರ್‌ಮೆನ್ ಮತ್ತು ಮ್ಯಾಗ್ನೋಲಿಯಾ ಕೂಡ ಇವೆ. ಮೆರಾಲ್ಕೊ ಮನಿಲಾಕ್ಕೆ ವಿದ್ಯುತ್ ಹಂಚುವ ಕಂಪನಿ. ಅದು ಉದ್ಯಮಿ ಮ್ಯಾನಿ ಪಂಗಿಲಿನಾನ್ ಅವರ ಗುಂಪಿಗೆ ಸೇರಿದ್ದು, ಟಿಎನ್‌ಟಿ ಮತ್ತು ಎನ್‌ಎಲ್‌ಇಎಕ್ಸ್ ಅದೇ ಗುಂಪಿನ ಇನ್ನೆರಡು ತಂಡಗಳು. 2016ರ ಸೆಮಿಫೈನಲ್‌ನಲ್ಲಿ ಹಿನೆಬ್ರಾ ಸೋಲಿಸಿದ್ದು ಸ್ಯಾನ್ ಮಿಗೆಲ್ ತಂಡವನ್ನು, ಮೆರಾಲ್ಕೊ ಸೋಲಿಸಿದ್ದು ಟಿಎನ್‌ಟಿಯನ್ನು. ಇಬ್ಬರೂ ತಮ್ಮ ದಾಯಾದಿಗಳನ್ನೇ ಮಣಿಸಿ ಫೈನಲ್‌ಗೆ ಬಂದಿದ್ದರು.

ಎರಡು, ತವರು ಅಂಗಳದ ಲೆಕ್ಕ ಇಲ್ಲ. ಫೈನಲ್ ಪಂದ್ಯಗಳು ಹೆಚ್ಚಾಗಿ ಕೆಸೋನ್ ಸಿಟಿಯ ಅರಾನೆಟಾ ಕಲಿಸಿಯಂ ಅಥವಾ ಪಸಾಯ್‌ನ ಮಾಲ್ ಆಫ್ ಏಷ್ಯಾ ಅರೀನಾದಲ್ಲಿ ನಡೆಯುತ್ತವೆ. ಅಂಗಳ ತಟಸ್ಥ, ಜನ ಮಾತ್ರ ತಟಸ್ಥರಲ್ಲ. ಹಿನೆಬ್ರಾ ಆಡುತ್ತಿದ್ದರೆ ಎದುರಾಳಿ ಯಾರೇ ಇರಲಿ, ಗ್ಯಾಲರಿಯ ಬಹುಪಾಲು ಅವರದೇ. ಈ ಅಭಿಮಾನದ ಬೇರು ರಾಬರ್ಟ್ ಜವೋರ್ಸ್ಕಿ ಎಂಬ ಆಟಗಾರನಲ್ಲಿದೆ. ಆತ ಹಿನೆಬ್ರಾಕ್ಕೆ ಬರುವುದಕ್ಕೆ ಎಷ್ಟೋ ಮುಂಚೆ, ಪಿಬಿಎ ಹುಟ್ಟುವ ಮೊದಲು, ಹಳೆಯ ಹವ್ಯಾಸಿ ಲೀಗ್‌ನಲ್ಲಿ ಆಡುತ್ತಿದ್ದದ್ದು ಮೆರಾಲ್ಕೊ ಪರವಾಗಿ. 1971ರಲ್ಲಿ ಆ ತಂಡದ ಪಂದ್ಯವೊಂದರಲ್ಲಿ ರೆಫರಿಗಳ ಮೇಲೆ ಕೈಮಾಡಿ ಆಜೀವ ನಿಷೇಧಕ್ಕೂ ಗುರಿಯಾಗಿದ್ದ. 1973ರಲ್ಲಿ ಅದು ತೆರವಾಯಿತು. ಮೆರಾಲ್ಕೊ ಪಿಬಿಎಗೆ ಕಾಲಿಟ್ಟದ್ದು 2010ರಲ್ಲಿ, ಸಾಂತಾ ಲೂಸಿಯಾ ತಂಡದ ಹಕ್ಕು ಕೊಂಡು.

ಮೂರು, ಒಂದು ಸೀಸನ್‌ಗೆ ಸಾಮಾನ್ಯವಾಗಿ ಮೂರು ಕಪ್. ಫಿಲಿಪೀನ್ ಕಪ್‌ನಲ್ಲಿ ವಿದೇಶಿ ಆಟಗಾರರೇ ಇಲ್ಲ. ಕಮಿಷನರ್ಸ್ ಕಪ್‌ನಲ್ಲಿ ಎತ್ತರದ ವಿದೇಶಿಗನನ್ನು ತರಬಹುದು. ಗವರ್ನರ್ಸ್ ಕಪ್‌ನಲ್ಲಿ ಮಿತಿ ಬಿಗಿ: 2016, 2017 ಮತ್ತು 2019ರ ಆವೃತ್ತಿಗಳಲ್ಲಿ ಇಂಪೋರ್ಟ್ (ತಂಡ ಹೊರದೇಶದಿಂದ ಕರೆತರುವ ಆಟಗಾರ) 6 ಅಡಿ 5 ಇಂಚು ಮೀರುವಂತಿರಲಿಲ್ಲ.

ಆ ನಾಲ್ಕು ಗವರ್ನರ್ಸ್ ಕಪ್‌ಗಳ ನಾಕ್‌ಔಟ್ ಹಂತವನ್ನೂ ತಿಳಿದಿರಿ. ಲೀಗ್ ಹಂತದ ಮೊದಲ ಎಂಟು ತಂಡಗಳು ಕ್ವಾರ್ಟರ್‌ಫೈನಲ್‌ಗೆ ಬರುತ್ತಿದ್ದವು. ಮೊದಲ ನಾಲ್ಕು ಸ್ಥಾನದವರಿಗೆ ಒಂದು ರಿಯಾಯಿತಿ: ಅವರು ಒಂದೇ ಪಂದ್ಯ ಗೆದ್ದರೆ ಸಾಕಿತ್ತು, ಎದುರಾಳಿ ಮಾತ್ರ ಎರಡೂ ಗೆಲ್ಲಬೇಕಿತ್ತು. ಸೆಮಿಫೈನಲ್‌ನಲ್ಲಿ ಐದರಲ್ಲಿ ಮೂರು, ಫೈನಲ್‌ನಲ್ಲಿ ಏಳರಲ್ಲಿ ನಾಲ್ಕು ಗೆಲ್ಲಬೇಕಿತ್ತು.

ನಿಯಮ ಆಟವನ್ನು ಹೇಗೆ ಬದಲಿಸುತ್ತದೆ

ಏಳಡಿಯ ವಿದೇಶಿ ಸೆಂಟರ್ ಬರುವಂತಿದ್ದರೆ ಬುಟ್ಟಿಯ ಕೆಳಗಿನ ಕೆಲಸವೆಲ್ಲ ಅವನ ಹೆಗಲಿಗೆ. ಸ್ಥಳೀಯ ಸೆಂಟರ್ ಅವನ ನೆರಳಲ್ಲಿರುತ್ತಾನೆ. 6 ಅಡಿ 5 ಇಂಚಿನ ಮಿತಿ ಹಾಕಿದ ಕೂಡಲೇ ಇದು ತಲೆಕೆಳಗಾಗುತ್ತದೆ. ಆಗ ಬರುವವನು ಫಾರ್ವರ್ಡ್: ಚೆಂಡು ನಡೆಸಬಲ್ಲ, ಹೊರಗಿನಿಂದ ಹೊಡೆಯಬಲ್ಲ, ನುಗ್ಗಬಲ್ಲ. ಅಂಗಳದಲ್ಲಿ ಎಲ್ಲರಿಗಿಂತ ಎತ್ತರದವನು ಈಗ ಫಿಲಿಪಿನೊ ಆಟಗಾರ. ಅಂಥವರು ಯಾವ ತಂಡದಲ್ಲಿದ್ದಾರೋ ಅದರ ಇಂಪೋರ್ಟ್‌ಗೆ ಕೈ ಬಿಡುವು.

ಹಿನೆಬ್ರಾದಲ್ಲಿ ಜೇಫೆತ್ ಅಗಿಲಾರ್ (6 ಅಡಿ 9 ಇಂಚು) ಇದ್ದರು, ಗ್ರೆಗ್ ಸ್ಲಾಟರ್ (7 ಅಡಿ) ಇದ್ದರು. ಹಾಗಾಗಿ ಬ್ರೌನ್ಲಿ ಹೊರಗೆ ನಿಂತು ಚೆಂಡು ಹಂಚುವ ಕೆಲಸ ಮಾಡಬಹುದಿತ್ತು. ತರಬೇತುದಾರ ಟಿಮ್ ಕೋನ್ ಆಡಿಸುವ ಟ್ರಯಾಂಗಲ್ (ಆಟಗಾರರು ತ್ರಿಕೋನದಲ್ಲಿ ನಿಂತು ಚೆಂಡು ಹಂಚುವ) ಪದ್ಧತಿಗೆ ಪಾಸ್ ಕೊಡಬಲ್ಲ ಫಾರ್ವರ್ಡ್ ಅತ್ಯಗತ್ಯ. ಬ್ರೌನ್ಲಿ ಅದಕ್ಕೆ ಹೇಳಿ ಮಾಡಿಸಿದಂತಿದ್ದರು. ಅವರು 2016ರಲ್ಲಿ ಬಂದದ್ದು ಬದಲಿ ಆಟಗಾರನಾಗಿ, ಮೊದಲ ಇಂಪೋರ್ಟ್ ಪಾಲ್ ಹ್ಯಾರಿಸ್ ಗಾಯಗೊಂಡ ಮೇಲೆ.

ಮೆರಾಲ್ಕೊದ ಡರಮ್ 2016, 2017, 2019ರ ಆವೃತ್ತಿಗಳಲ್ಲಿ ಶ್ರೇಷ್ಠ ಇಂಪೋರ್ಟ್ ಪ್ರಶಸ್ತಿ ಗೆದ್ದರು. ಮೂರೂ ಫೈನಲ್ ಸೋತರು. ಇದರಲ್ಲಿ ವಿರೋಧಾಭಾಸವೇನಿಲ್ಲ. ತಂಡದಲ್ಲಿ ನಿಜವಾದ ದೈತ್ಯ ಇಲ್ಲದಿದ್ದಾಗ 6 ಅಡಿ 5 ಇಂಚಿನ ಡರಮ್ ಅಂಕವನ್ನೂ ಗಳಿಸಬೇಕು, ರೀಬೌಂಡನ್ನೂ (ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡು) ಹಿಡಿಯಬೇಕು, ತನಗಿಂತ ನಾಲ್ಕೈದು ಇಂಚು ಎತ್ತರದವನನ್ನು ಬುಟ್ಟಿಯ ಬಳಿ ತಡೆಯಲೂ ಬೇಕು. ಅಂಕಿಅಂಶ ಉಬ್ಬುತ್ತದೆ, ಕಾಲು ಸೋಲುತ್ತದೆ. ಪಿಬಿಎ ಪಂದ್ಯ 48 ನಿಮಿಷದ್ದು. ಅಂತರರಾಷ್ಟ್ರೀಯ ಪಂದ್ಯಕ್ಕಿಂತ ಎಂಟು ನಿಮಿಷ ಹೆಚ್ಚು. ಆ ಎಂಟು ನಿಮಿಷದ ಭಾರ ಬೀಳುವುದು ಇಂಥವನ ಮೇಲೇ. ಇನ್ನೊಂದು ವಿಷಯ: ಶ್ರೇಷ್ಠ ಇಂಪೋರ್ಟ್ ಪ್ರಶಸ್ತಿ ಘೋಷಣೆಯಾಗುವುದು ಫೈನಲ್ ಇನ್ನೂ ನಡೆಯುತ್ತಿರುವಾಗಲೇ. ಅದನ್ನು ಫೈನಲ್‌ನ ಅಳತೆಗೋಲು ಮಾಡಿಕೊಳ್ಳಬೇಡಿ. ಫೈನಲ್ಸ್ ಎಂವಿಪಿ (ಫೈನಲ್‌ನ ಅತ್ಯುತ್ತಮ ಆಟಗಾರ) ಬೇರೆಯೇ ಪ್ರಶಸ್ತಿ, ಅದು ನಾಲ್ಕೂ ಸಲ ಫಿಲಿಪಿನೊ ಆಟಗಾರರಿಗೆ ಹೋಯಿತು: ಮೊದಲೆರಡು ಸಲ ಎಲ್ಎ ಟೆನೋರಿಯೊ, ಆಮೇಲೆ ಅಗಿಲಾರ್, ಕೊನೆಗೆ ಸ್ಕಾಟಿ ಥಾಂಪ್ಸನ್.

ಮೆರಾಲ್ಕೊದ ಆಗಿನ ತರಬೇತುದಾರ ನಾರ್ಮನ್ ಬ್ಲ್ಯಾಕ್‌ಗೆ ಈ ಕೊರತೆ ಗೊತ್ತಿರಲಿಲ್ಲವೆಂದಲ್ಲ. ಆತ ಸ್ವತಃ ಇಂಪೋರ್ಟ್ ಆಗಿ ಆಡಿದವರು, 1989ರಲ್ಲಿ ಸ್ಯಾನ್ ಮಿಗೆಲ್ ತಂಡಕ್ಕೆ ಒಂದೇ ಸೀಸನ್‌ನ ಮೂರೂ ಕಪ್ ಗೆದ್ದುಕೊಟ್ಟವರು. ಎತ್ತರದ ತೂತು ಮುಚ್ಚಲು 2019ರಲ್ಲಿ 6 ಅಡಿ 8 ಇಂಚಿನ ರೇಮಂಡ್ ಅಲ್ಮಜಾನ್‌ರನ್ನು ತಂಡ ತಂದಿತು. ಆ ವರ್ಷದ ಕಪ್‌ನ ಫೈನಲ್ ಮಧ್ಯದಲ್ಲಿ ಅಲ್ಮಜಾನ್ ಮೊಣಕಾಲಿಗೆ ಪೆಟ್ಟಾಯಿತು. ನಾಲ್ಕನೇ ಪಂದ್ಯವನ್ನು ಹಿನೆಬ್ರಾ 94–72ರಿಂದ ಗೆದ್ದಿತು. ನಾಲ್ಕು ಸರಣಿಗಳಲ್ಲಿ ಅತಿ ಬೇಗ ಮುಗಿದದ್ದು ಈ ಸರಣಿಯೇ.

ನಾಲ್ಕು ಸರಣಿಗಳು, ಇಸವಿಗಳ ಗೊಂದಲ ಬಿಡಿಸಿ

ಕಪ್‌ನ ಇಸವಿ ಬೇರೆ, ಫೈನಲ್ ಆಡಿದ ಇಸವಿ ಬೇರೆ ಆಗಿರಬಹುದು. ಟಿಪ್ಪಣಿ ಮಾಡುವಾಗ ಎರಡನ್ನೂ ಬರೆದುಕೊಳ್ಳಿ.

2016: ಹಿನೆಬ್ರಾ 4–2. ಮೊದಲ ನಾಲ್ಕು ಪಂದ್ಯಗಳಲ್ಲಿ ಇಬ್ಬರಿಗೂ ಎರಡೆರಡು. ಆ ಬಾರಿ ಸ್ಲಾಟರ್ ಗಾಯದಿಂದ ಹೊರಗಿದ್ದರು. ಆರನೇ ಪಂದ್ಯ ಕೊನೆಯ ಕ್ಷಣದವರೆಗೆ ಎಳೆದದ್ದು ಆಶ್ಚರ್ಯವಲ್ಲ.

2017: 4–3. ಹಿನೆಬ್ರಾ 2–0 ಮುಂದಿತ್ತು, ಮೆರಾಲ್ಕೊ 2–2 ಮಾಡಿತು. ಏಳನೇ ಪಂದ್ಯ ಅಕ್ಟೋಬರ್ 27ರಂದು, ಬುಲಕಾನ್ ಪ್ರಾಂತ್ಯದ ಬೊಕಾವ್‌ನಲ್ಲಿರುವ ಫಿಲಿಪೀನ್ ಅರೀನಾದಲ್ಲಿ. ನೆರೆದವರು 54,086. ಫಲಿತಾಂಶ 101–96.

2019ರ ಕಪ್, 2020ರ ಜನವರಿಯ ಫೈನಲ್: 4–1.

2021ರ ಕಪ್, 2022ರ ಏಪ್ರಿಲ್‌ನ ಫೈನಲ್: 4–2. ಡರಮ್ ಬದಲು ಟೋನಿ ಬಿಷಪ್ ಬಂದಿದ್ದರು. ಮೆರಾಲ್ಕೊ 2–1 ಮುಂದಿದ್ದೂ ಮುಂದಿನ ಮೂರನ್ನೂ ಕಳೆದುಕೊಂಡಿತು. ಸ್ಲಾಟರ್ ಜಾಗಕ್ಕೆ ಹಿನೆಬ್ರಾ ಆಗಲೇ 6 ಅಡಿ 8 ಇಂಚಿನ ಕ್ರಿಶ್ಚಿಯನ್ ಸ್ಟಾಂಡ್‌ಹಾರ್ಡಿಂಗರ್‌ರನ್ನು ತಂದಾಗಿತ್ತು.

ಒಟ್ಟು 24 ಪಂದ್ಯ, ಹಿನೆಬ್ರಾ 16, ಮೆರಾಲ್ಕೊ 8.

ಸರಣಿಯ ಮುನ್ನಡೆಗೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಲು ಇಬ್ಬರೂ ಸಮಬಲರು, ಪ್ರತಿ ಪಂದ್ಯವೂ ಅರ್ಧರ್ಧ ಎಂದುಕೊಳ್ಳಿ. 2–0 ಮುಂದಿರುವವನು ಉಳಿದ ಐದರಲ್ಲಿ ಎರಡು ಗೆದ್ದರೆ ಸಾಕು. ಐದು ಪಂದ್ಯಗಳಿಗೆ 32 ಸಾಧ್ಯತೆ. ಒಂದೂ ಗೆಲ್ಲದಿರುವುದು 1, ಒಂದೇ ಗೆಲ್ಲುವುದು 5. ಉಳಿದ 26 ಅವನವು, ಅಂದರೆ ಶೇ 81. ಮುನ್ನಡೆ 3–2 ಇದ್ದರೆ ಶೇ 75. ಹೀಗೆ ನೋಡಿದರೆ 2017ರಲ್ಲಿ ಮೆರಾಲ್ಕೊ ಏಳನೇ ಪಂದ್ಯಕ್ಕೆ ಎಳೆದದ್ದು ಸಣ್ಣ ಸಾಧನೆಯಲ್ಲ.

88–88: ಕೊನೆಯ ಹೊಡೆತವನ್ನು ಬಿಡಿಸಿ ನೋಡಿದರೆ

2016ರ ಅಕ್ಟೋಬರ್ 19, ಅರಾನೆಟಾ. ಆರನೇ ಪಂದ್ಯ, ಅಂಕ 88–88, ಚೆಂಡು ಹಿನೆಬ್ರಾದ್ದು. ಬ್ರೌನ್ಲಿ ಮೂರಂಕದ ಹೊಡೆತ ಹಾಕಿದರು, ಗಂಟೆ ಬಾರಿಸಿತು, 91–88. ಎಂಟು ವರ್ಷಗಳ ಬರ ಮುಗಿಯಿತು. ಹಿನೆಬ್ರಾದ ಹಿಂದಿನ ಕಪ್ 2008ರದು.

ಒಂದಂಕ ಸಾಕಿದ್ದಾಗ ಮೂರಂಕಕ್ಕೆ ಯಾಕೆ ಹೋಗಬೇಕು ಎಂದು ಹೊಸಬರು ಕೇಳುತ್ತಾರೆ. ಅಂಕ ಸಮವಾದಾಗ ತಡೆಯುವವನ ದೊಡ್ಡ ಭಯ ಫೌಲ್. ಫೌಲ್ ಆದರೆ ಎರಡು ಫ್ರೀ ಥ್ರೋ (ಯಾರೂ ತಡೆಯದ, ಒಂದಂಕದ ಹೊಡೆತ), ಅದರಲ್ಲಿ ಒಂದು ಬಿದ್ದರೂ ಪಂದ್ಯ ಹೋಯಿತು. ಆದ್ದರಿಂದ ಅವನು ನುಗ್ಗುವ ದಾರಿಗೆ ಕಾವಲಾಗಿ ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಾನೆ, ಕೈ ಚಾಚಲು ಅಂಜುತ್ತಾನೆ. ಆ ಅರ್ಧ ಹೆಜ್ಜೆಯೇ ಹೊರಗಿನ ಹೊಡೆತಕ್ಕೆ ಸಿಗುವ ಜಾಗ. ಇನ್ನು ಹೊಡೆಯುವವನಿಗೆ ನಷ್ಟದ ಭಯ ಕಡಿಮೆ: ತಪ್ಪಿದರೆ ಐದು ನಿಮಿಷದ ಹೆಚ್ಚುವರಿ ಆಟ, ಸೋಲಲ್ಲ. ಷರತ್ತು ಒಂದೇ, ಎದುರಾಳಿಗೆ ರೀಬೌಂಡ್ ಹಿಡಿದು ಓಡಲು ಸಮಯ ಉಳಿಯಬಾರದು. ಬೇಗ ಹೊಡೆಯುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ಪಂದ್ಯದ ವಿಡಿಯೊ ನೋಡುವಾಗ ಕಣ್ಣು ಚೆಂಡಿನ ಮೇಲಿಡದೆ ತಡೆಯುವವನ ಪಾದಗಳ ಮೇಲಿಡಿ.

ನೀವೇ ಲೆಕ್ಕ ಬರೆಯುವುದಾದರೆ

ಮೊದಲು ಪೊಸೆಷನ್ ಎಣಿಸಿ, ಅಂದರೆ ಚೆಂಡು ತಂಡದ ಕೈಯಲ್ಲಿದ್ದ ಸರದಿಗಳು. ಸೂತ್ರ: ಹೊಡೆತದ ಯತ್ನಗಳು + ಕಳೆದುಕೊಂಡ ಚೆಂಡುಗಳು − ತಮ್ಮದೇ ದಾಳಿಯಲ್ಲಿ ಹಿಡಿದ ರೀಬೌಂಡ್‌ಗಳು + 0.44 × ಫ್ರೀ ಥ್ರೋಗಳು. ಕಲಿಯಲು ಊಹೆಯ ಅಂಕೆಗಳು: ಯತ್ನ 80, ಕಳೆದದ್ದು 14, ದಾಳಿ ರೀಬೌಂಡ್ 12, ಫ್ರೀ ಥ್ರೋ 25. ಆಗ 80 + 14 − 12 + 11 = 93. ತಂಡ 91 ಅಂಕ ಗಳಿಸಿದ್ದರೆ ನೂರು ಪೊಸೆಷನ್‌ಗೆ ಸುಮಾರು 97.8. ದಾಳಿ ರೀಬೌಂಡನ್ನು ಕಳೆಯಲು ಮರೆತರೆ ಪೊಸೆಷನ್ 105 ಆಗಿ, ತಂಡ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತದೆ. ಎತ್ತರದ ತಂಡಕ್ಕೇ ಈ ಅನ್ಯಾಯ ಹೆಚ್ಚು.

ಆಮೇಲೆ ಪ್ರತಿ ಕ್ವಾರ್ಟರ್‌ಗೆ ಮೂರು ಸಾಲು ಬರೆಯಿರಿ: ಇಂಪೋರ್ಟ್ ಬೆಂಚಿನಲ್ಲಿದ್ದ ನಿಮಿಷಗಳು ಮತ್ತು ಆ ಹೊತ್ತಿನ ಅಂಕ, ಅವನ ಮೂರನೇ ಫೌಲ್ ಬಿದ್ದ ಸಮಯ (ಆರು ಫೌಲ್ ಆದರೆ ಪಂದ್ಯದಿಂದ ಹೊರಗೆ), ಬುಟ್ಟಿಯ ಬಳಿ ಅವನು ಕಾಯುತ್ತಿದ್ದದ್ದು ಯಾರನ್ನು. ಮೂರನೇ ಸಾಲೇ ಮುಖ್ಯ. ಅಲ್ಲಿ ಸ್ಲಾಟರ್ ಅಥವಾ ಅಗಿಲಾರ್ ಹೆಸರು ಮತ್ತೆಮತ್ತೆ ಬಂದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಇಂಪೋರ್ಟ್‌ನ ಹೊಡೆತಗಳು ಗಿಡ್ಡವಾಗಿ ರಿಮ್‌ನ ಮುಂಭಾಗಕ್ಕೆ ತಾಗುತ್ತಿವೆಯೇ ನೋಡಿ. ಕಾಲು ಸೋತದ್ದರ ಮೊದಲ ಗುರುತು ಅದು.

ಈ ಓದು ಸರಿಯೇ ಎಂದು ಪರೀಕ್ಷಿಸಲು ಇಂಪೋರ್ಟ್ ಇಲ್ಲದ ಕಪ್ ನೋಡಬೇಕು. 2024ರ ಫಿಲಿಪೀನ್ ಕಪ್‌ನಲ್ಲಿ ಮೆರಾಲ್ಕೊ ಸೆಮಿಫೈನಲ್‌ನಲ್ಲಿ ಏಳು ಪಂದ್ಯಗಳಾಡಿ ಹಿನೆಬ್ರಾವನ್ನು ಹೊರಗಟ್ಟಿತು. ಫೈನಲ್‌ನಲ್ಲಿ ಸ್ಯಾನ್ ಮಿಗೆಲ್ ವಿರುದ್ಧ 4–2, ಅದೂ ಜೂನ್ ಮಾರ್ ಫಹಾರ್ಡೊ ಎಂಬ ದೈತ್ಯ ಸೆಂಟರ್ ಎದುರು. ಜೂನ್ 16ರಂದು ಆರನೇ ಪಂದ್ಯ. ಫಹಾರ್ಡೊ ಮೂರಂಕ ಹೊಡೆದು 78–78 ಮಾಡಿದರು, 1.3 ಸೆಕೆಂಡ್ ಉಳಿದಿದ್ದಾಗ ಕ್ರಿಸ್ ನ್ಯೂಸಮ್ ಹೊಡೆತದಿಂದ 80–78. ಪಿಬಿಎಯಲ್ಲಿ ಮೆರಾಲ್ಕೊದ ಮೊದಲ ಕಪ್ ಅದು. ಎತ್ತರ ಆಗಲೂ ಎದುರಾಳಿಯ ಕಡೆಯೇ ಇತ್ತು. ಆದರೆ ಆ ಹೊರೆಯನ್ನೆಲ್ಲ ಒಬ್ಬನೇ ಇಂಪೋರ್ಟ್‌ನ ಮೇಲೆ ಹೊರಿಸುವ ಆಟ ಅದಾಗಿರಲಿಲ್ಲ. ನಾಲ್ಕು ಗವರ್ನರ್ಸ್ ಕಪ್‌ಗಳ ವಿಡಿಯೊ ಮುಗಿಸಿದ ಮೇಲೆ ಈ ಆರು ಪಂದ್ಯಗಳನ್ನು ಅದೇ ಮೂರು ಸಾಲುಗಳಲ್ಲಿ ಬರೆದು ನೋಡಿ. ಮೂರನೇ ಸಾಲಿನಲ್ಲಿ ಈ ಬಾರಿ ಕಾಯುವವರ ಹೆಸರು ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ಎಣಿಸಿ.