ಹಳೇ ಸ್ಪೆಕ್ಟ್ರಮ್‌ಗೆ ಯಾವ ಕಾರ್ಡು?

ಡೊಂಬಿವಲಿಯ ಮನೆಯ ಅಟ್ಟ ಗುಡಿಸುವಾಗ ಚಿಕ್ಕಪ್ಪನ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಸಿಕ್ಕಿತು. ಬ್ರಿಟನ್ನಿನ ಸಿಂಕ್ಲೇರ್ ಕಂಪ್ಯೂಟರನ್ನು ಡೆಸಿಬೆಲ್ಸ್ ಎಂಬ ಕಂಪನಿ ಎಂಬತ್ತರ ದಶಕದಲ್ಲಿ ಪರವಾನಗಿ ಪಡೆದು ಇಲ್ಲಿ ಮಾರುತ್ತಿತ್ತು, ಅದೇ ಇದು. 48 ಕೆಬಿ ಮೆಮೊರಿ, 3.5 ಮೆಗಾಹರ್ಟ್ಸ್‌ನ ಜೆಡ್80 ಪ್ರೊಸೆಸರ್. ಆಟ ಬೇಕೆಂದರೆ ಕ್ಯಾಸೆಟ್ ಹಾಕಿ, ಅದರ ಕರ್ಕಶ ಕೀರಲು ಕೇಳುತ್ತ ನಾಲ್ಕೈದು ನಿಮಿಷ ಕೂರಬೇಕಿತ್ತು. ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಮತ್ತೆ ಮೊದಲಿನಿಂದ.

ಕ್ಯಾಸೆಟ್‌ಗಳಿಗೆಲ್ಲ ಬೂಸಲು ಹಿಡಿದಿತ್ತು. ಹಾಗಾಗಿ ಯಂತ್ರದ ಹಿಂಬದಿಗೆ ಸಿಕ್ಕಿಸುವ, ಎಸ್‌ಡಿ ಕಾರ್ಡ್ ಓದುವ ಪುಟ್ಟ ಬೋರ್ಡೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದೆ. ಕಾರ್ಡಿಗೆ ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಫುಟ್‌ಪಾತಿನಲ್ಲಿ ಹರವಿಕೊಂಡಿದ್ದವನಿಂದ 32 ಜಿಬಿಯದೊಂದನ್ನು ಅಗ್ಗಕ್ಕೆ ಕೊಂಡು ತಂದೆ. ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು ಎಂಬ ಲೆಕ್ಕ. ಯಂತ್ರ ಕಾರ್ಡನ್ನು ಗುರುತಿಸಲೇ ಇಲ್ಲ.

ಯಾಕೆಂದು ತಿಳಿಯಬೇಕಾದರೆ ಕಾರ್ಡಿನೊಳಗಿನ ನಂಬರುಗಳ ವ್ಯವಹಾರ ನೋಡಬೇಕು. 2 ಜಿಬಿವರೆಗಿನ ಹಳೇ ಎಸ್‌ಡಿ ಕಾರ್ಡುಗಳಲ್ಲಿ ಒಂದೊಂದು ಬೈಟಿಗೂ ಒಂದು ನಂಬರು, ಚಾಳಿನ, ಅಂದರೆ ಮುಂಬೈ ವಠಾರದ, ಒಂದೊಂದು ಖೋಲಿಗೂ (ಕೋಣೆಗೂ) ನಂಬರಿದ್ದ ಹಾಗೆ. ನಂಬರು ಬರೆಯಲು ಇರುವುದು 32 ಬಿಟ್ ಜಾಗ. ಅದರಲ್ಲಿ ಹಿಡಿಸುವುದು ಸುಮಾರು 429 ಕೋಟಿ ನಂಬರು, ಅಂದರೆ 4 ಜಿಬಿ; ಅದರಾಚೆ ಎಣಿಸಲು ದಾರಿಯಿಲ್ಲ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಕಾರ್ಡುಗಳು (2 ಜಿಬಿಗಿಂತ ದೊಡ್ಡವು, ನನ್ನ 32 ಜಿಬಿಯದೂ ಇದೇ ಜಾತಿ) ಖೋಲಿ ಎಣಿಸುವುದನ್ನೇ ಬಿಟ್ಟು ಚಾಳು ಎಣಿಸತೊಡಗಿದವು: 512 ಬೈಟುಗಳ ಒಂದು ಬ್ಲಾಕಿಗೆ ಒಂದೇ ನಂಬರು.

ಈಗ ಹಳೇ ಬೋರ್ಡು ತನ್ನ ರೂಢಿಯಂತೆ ‘512ನೇ ನಂಬರು ಕೊಡು’ ಅನ್ನುತ್ತದೆ ಅಂದುಕೊಳ್ಳಿ. ಅದಕ್ಕೆ ಬೇಕಾದದ್ದು ಎರಡನೇ ಬ್ಲಾಕು. ಹೊಸ ಕಾರ್ಡಿನಲ್ಲಿ 512ನೇ ನಂಬರೆಂದರೆ ಎಲ್ಲೋ ದೂರದ ಇನ್ನೊಂದು ಬ್ಲಾಕು. ಓದುವಾಗ ಇಂಥ ಎಡವಟ್ಟಾದರೆ ಹೇಗೋ ಸಹಿಸಬಹುದು, ಬರೆಯುವಾಗ ಆದರೆ ಕಾರ್ಡಿನಲ್ಲಿದ್ದದ್ದೆಲ್ಲ ಹಾಳು. ಇದನ್ನು ತಡೆಯಲೆಂದೇ, ‘ನನಗೆ ಬ್ಲಾಕ್ ಲೆಕ್ಕ ಗೊತ್ತು’ ಎಂದು ಬೋರ್ಡು ಮೊದಲೇ ತಿಳಿಸದಿದ್ದರೆ ಎಸ್‌ಡಿಎಚ್‌ಸಿ ಕಾರ್ಡು ‘ಇನ್ನೂ ತಯಾರಾಗಿಲ್ಲ’ ಅನ್ನುತ್ತಲೇ ಕೂರುತ್ತದೆ. ನನ್ನ ಬೋರ್ಡಿನ ತಂತ್ರಾಂಶ ಅದಕ್ಕಿಂತ ಹಳೆಯದು. ಕಾರ್ಡು ಕೆಟ್ಟಿದೆ ಎಂದು ನಾನು ಬೈದುಕೊಂಡದ್ದು ನಿಜವಾಗಿ ಅದರ ಶಿಸ್ತು.

ಶಿಸ್ತೆಂದು ಹೊಗಳಿ ಮುಗಿಯಲಿಲ್ಲ, ಆ ಕಾರ್ಡು ನಕಲಿಯೂ ಆಗಿತ್ತು! ಲ್ಯಾಪ್‌ಟಾಪಿಗೆ ಹಾಕಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿದೆ. ಅದರ ಕೆಲಸ ಸರಳ: ಕಾರ್ಡನ್ನು ಗಂಟಲಮಟ್ಟ ತುಂಬಿಸಿ, ಬರೆದದ್ದನ್ನೆಲ್ಲ ಮರಳಿ ಓದಿ ತಾಳೆ ನೋಡುವುದು. ಬರೆದದ್ದರಲ್ಲಿ 4 ಜಿಬಿಗೂ ಕಡಿಮೆ ಸರಿಯಾಗಿ ಉಳಿದಿತ್ತು, ಮಿಕ್ಕಿದ್ದೆಲ್ಲ ಕಸ. ಒಳಗಿನ ನೆನಪಿನ ಚಿಪ್ಪು ಚಿಕ್ಕದು. ಅದನ್ನು ಆಳುವ ಕಂಟ್ರೋಲರ್‌ಗೆ ಮಾತ್ರ ‘32 ಎಂದು ಹೇಳು’ ಎಂದು ಕಲಿಸಿಟ್ಟಿರುತ್ತಾರೆ. ಮೊದಲ ಕೆಲವು ಫೋಟೋ, ಹಾಡು ಸರಿಯಾಗಿಯೇ ಕೂರುವುದರಿಂದ ಮೋಸ ಗೊತ್ತಾಗಲು ತಿಂಗಳುಗಳೇ ಬೇಕು. ಹೊಸ ಕಾರ್ಡು ತಂದ ದಿನವೇ ಈ ಪರೀಕ್ಷೆ ಮಾಡಿಬಿಡಿ, ಹಳೇ ಕಂಪ್ಯೂಟರ್ ಇಲ್ಲದವರೂ ಸಹ.

ಕಡೆಗೆ ಒದಗಿದ್ದು ಭಾವನ ಹಳೇ ನೋಕಿಯಾ ಫೋನಿನಲ್ಲಿದ್ದ 2 ಜಿಬಿಯ ಮೈಕ್ರೋ ಎಸ್‌ಡಿ. ಬಳಸಿ ಸವೆದ ಕಾರ್ಡು ಬಾಳಿಕೆ ಬಂದೀತೇ? ಫ್ಲ್ಯಾಶ್ ನೆನಪು ಸವೆಯುವುದು ಅಳಿಸಿ ಬರೆಯುವಾಗ. ಅದರ ಒಂದೊಂದು ಕೋಶದಲ್ಲೂ ನಿರೋಧಕ ಪೊರೆಯ ಹಿಂದೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿರುತ್ತಾರೆ. ಪ್ರತಿ ಸಲ ಅಳಿಸಿ ಬರೆಯುವಾಗಲೂ ಆ ಪೊರೆ ಒಂದಿಷ್ಟು ಜಖಂ ಆಗುತ್ತದೆ. ನಾವು ಆಟಗಳನ್ನು ಒಮ್ಮೆ ತುಂಬಿಸಿ ಬರೀ ಓದುವವರು. ಹಾಗಾಗಿ ಅದರ ಚಿಂತೆ ಬೇಡ.

ಫಾರ್ಮ್ಯಾಟ್, ಅಂದರೆ ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ರೀತಿಯ ವಿಷಯಕ್ಕೆ ಇಷ್ಟು ಸಾಕು: 2 ಜಿಬಿಗೆ ಫ್ಯಾಟ್16, ಅದಕ್ಕಿಂತ ದೊಡ್ಡದಕ್ಕೆ 32 ಜಿಬಿವರೆಗೆ ಫ್ಯಾಟ್32. 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಇಂಥ ಬೋರ್ಡುಗಳಿಗೆ ಅದು ಸಾಮಾನ್ಯವಾಗಿ ಅರ್ಥವಾಗದು.

ಇನ್ನು ವೇಗ. ಕಾರ್ಡಿನ ಮೇಲೆ ‘ಕ್ಲಾಸ್ 10’ ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯಬಲ್ಲದು ಎಂದರ್ಥ. ಜೆಡ್80ಗೆ ತನ್ನ ಐಎನ್‌ಐಆರ್ ಆದೇಶದಲ್ಲಿ ಒಂದು ಬೈಟು ಒಳಗೆಳೆದುಕೊಳ್ಳಲು 21 ಗಡಿಯಾರ ಮಿಡಿತ ಬೇಕು. 35 ಲಕ್ಷವನ್ನು 21ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 1,66,000 ಬೈಟು, ಅಷ್ಟೇ. ಆದರೂ 48 ಕೆಬಿ ತುಂಬಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ವೇಗಕ್ಕೆಂದು ಕೊಡುವ ದುಡ್ಡು ನೀರಿಗೆ ಹಾಕಿದಂತೆ.

ಪುಣೆಯಲ್ಲಿರುವ ಗೆಳೆಯನ ಇನ್ನೊಂದು ಹಳೇ ಕಂಪ್ಯೂಟರ್ ಅಮಿಗಾ 1200ರ ಕಥೆಯೇ ಬೇರೆ. ಅದಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಹೊಂದುತ್ತದೆ, ಏಕೆಂದರೆ ಆ ಕಾರ್ಡಿಗೆ ಹಳೇ ಹಾರ್ಡ್ ಡಿಸ್ಕಿನ ಐಡಿಇ ಭಾಷೆ ಹುಟ್ಟಿನಿಂದಲೇ ಗೊತ್ತು. ಅವನಿಗೆ ಚಿಕ್ಕ ಫೈಲುಗಳೆಲ್ಲ ಸರಿ, ದೊಡ್ಡವು ಮಾತ್ರ ಕೆಡುತ್ತಿದ್ದವು. ಒಂದೇ ಸಲಕ್ಕೆ ಎಷ್ಟು ಬೈಟು ಸಾಗಿಸಬಹುದೆಂದು ಹೇಳುವ ಮ್ಯಾಕ್ಸ್‌ಟ್ರಾನ್ಸ್‌ಫರ್ ಎಂಬ ಸೆಟ್ಟಿಂಗನ್ನು 0x1FE00ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಆ ವಿಚಿತ್ರ ಸಂಖ್ಯೆ ಬಿಡಿಸಿದರೆ 255 ಬ್ಲಾಕು, ಒಂದೊಂದಕ್ಕೆ 512 ಬೈಟು.

ನನ್ನ 2 ಜಿಬಿ ಕಾರ್ಡು ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಮ್ಮೆ ಬರುವುದು, ಒಮ್ಮೆ ಬಾರದಿರುವುದು. ಮರು ಫಾರ್ಮ್ಯಾಟ್ ಮಾಡಿದೆ, ಮೈಕ್ರೋ ಕಾರ್ಡಿನ ಪ್ಲಾಸ್ಟಿಕ್ ಕವಚ ಬದಲಿಸಿದೆ. ಪವರ್ ಅಡಾಪ್ಟರ್ ಬದಲಿಸೋಣವೆಂದು ಕೊಂಡೂ ತಂದೆ. ಪುಣ್ಯಕ್ಕೆ ಸಿಕ್ಕಿಸುವ ಮುನ್ನ ಮಲ್ಟಿಮೀಟರ್ ಹಿಡಿದೆ. ಸ್ಪೆಕ್ಟ್ರಮ್‌ಗೆ 9 ವೋಲ್ಟ್, ಪಿನ್ನಿನ ಒಳಭಾಗ ನೆಗೆಟಿವ್. ಅಂಗಡಿಯಲ್ಲಿ ಕೊಟ್ಟದ್ದು ಅದರ ತದ್ವಿರುದ್ಧ.

ದೋಷ ಇದ್ದದ್ದು ಕಾರ್ಡಿನಲ್ಲಲ್ಲ, ಯಂತ್ರದ ಹಿಂಬದಿಯಲ್ಲಿ. ಬೋರ್ಡು ಕೂರುವ ಅಂಚಿನ ಲೋಹದ ಪಟ್ಟಿಗಳು ಹೊಳಪು ಕಳೆದುಕೊಂಡು ಕಂದಾಗಿದ್ದವು. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಇದಕ್ಕೆ ಕಿಲುಬು ಹಿಡಿಯುವುದೇನು ದೊಡ್ಡದು. ಕರೆಂಟು ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟಿಗಳನ್ನು ಉದ್ದಕ್ಕೆ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಮೆನು ಬಂತು.

ಜುಲೈನಲ್ಲಿ ಮತ್ತೆ ನಿಂತಿತು. ಈ ಸಲ ಕಾರ್ಡನ್ನು ಮುಟ್ಟಲಿಲ್ಲ, ರಬ್ಬರು ಹುಡುಕಿದೆ. ಅದು ಅಕ್ಕನ ಮಗನ ಕಂಪಾಸ್ ಪೆಟ್ಟಿಗೆಯಲ್ಲಿತ್ತು. ‘ಮಾಮ, ನಾಳೆ ಡ್ರಾಯಿಂಗ್ ಪರೀಕ್ಷೆ ಉಂಟು, ಕಪ್ಪು ಮಾಡಿ ಕೊಡಬೇಡ’ ಎಂದು ಹೇಳಿಯೇ ಕೊಟ್ಟ.