ಚಾಟ್‌ನಲ್ಲಿ ಒಂದು ಸಾಲು ಬರೆದರೆ ಮೈನ್‌ಕ್ರಾಫ್ಟ್ ಸರ್ವರ್ ಬೇರೆಯವರ ಕೈಗೆ ಹೋಗುತ್ತಾ?

ಪ್ರಶ್ನೆ: ನನ್ನ ಮಗ ಮನೆಯ ಕಂಪ್ಯೂಟರಿನಲ್ಲೇ ಮೈನ್‌ಕ್ರಾಫ್ಟ್ ಸರ್ವರ್ ಹಾಕಿಕೊಂಡು ಗೆಳೆಯರ ಜೊತೆ ಆಡುತ್ತಾನೆ. ಚಾಟ್‌ನಲ್ಲಿ ಯಾರೋ ಒಂದು ಸಾಲು ಬರೆದರೆ ಸಾಕು, ಕಂಪ್ಯೂಟರ್ ಅವರ ವಶವಾಗುತ್ತದೆ ಅಂತ ಕೇಳಿದೆ. ನಿಜವಾ? ಈಗಲೂ ಹೆದರಬೇಕಾ?

ನಿಜ. 2021ರ ಡಿಸೆಂಬರ್‌ನಲ್ಲಿ ಹಾಗೇ ಆಯಿತು. ನಿಮ್ಮ ಮಗ ಹಳೆಯ ವರ್ಷನ್ ಓಡಿಸುತ್ತಿದ್ದರೆ ಈಗಲೂ ಆಗಬಹುದು.

ಸರ್ವರ್ ಶುರು ಮಾಡಿದಾಗ ತೆರೆಯುವ ಕಿಟಕಿಯನ್ನು ಒಮ್ಮೆ ನೋಡಿ. ಸಾಲು ಸಾಲಾಗಿ ಏನೋ ಓಡುತ್ತಿರುತ್ತದೆ. ಇಂಥವರು ಒಳಗೆ ಬಂದರು, ಇಂಥವರು ಲಾವಾಕ್ಕೆ ಬಿದ್ದು ಸತ್ತರು, ಇಂಥವರು ಚಾಟ್‌ನಲ್ಲಿ ಹೀಗೆ ಬರೆದರು. ಜಾವಾ ಎಡಿಷನ್‌ನಲ್ಲಿ (ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮೈನ್‌ಕ್ರಾಫ್ಟ್) ಇದನ್ನೆಲ್ಲ ಬರೆದಿಡುವುದು ಲಾಗ್‌ಫೋರ್‌ಜೆ ಎಂಬ ಸಾಫ್ಟ್‌ವೇರ್. ಮೈನ್‌ಕ್ರಾಫ್ಟ್‌ನವರು ಬರೆದದ್ದಲ್ಲ. ಅಪಾಚೆ ಸಂಸ್ಥೆಯ ಅಡಿಯಲ್ಲಿ ಕೆಲವು ಸ್ವಯಂಸೇವಕರು ನೋಡಿಕೊಳ್ಳುವ, ಲೋಕವೆಲ್ಲ ಬಳಸುವ ಉಚಿತ ಸಾಮಾನು. ತೂತು ಇದ್ದದ್ದು ಅದರಲ್ಲಿ.

ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ ಒಬ್ಬನಿದ್ದಾನೆ ಅಂದುಕೊಳ್ಳಿ. ಗಿರಾಕಿ ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಅವನ ಕೆಲಸ. ಒಬ್ಬ ಬಂದು, 'ಆ ಬೀದಿಯ ಕೊನೇ ಮನೆಗೆ ಹೋಗಿ ಅಲ್ಲಿ ಕೊಡೋ ಪೆಟ್ಟಿಗೆ ತಂದು ಇಲ್ಲಿ ತೆಗಿ' ಅನ್ನುತ್ತಾನೆ. ಗುಮಾಸ್ತ ಅದನ್ನು ಬರೆದುಕೊಳ್ಳುವ ಬದಲು ಎದ್ದು ಹೋಗಿ ಪೆಟ್ಟಿಗೆ ತಂದೇಬಿಡುತ್ತಾನೆ! ಲಾಗ್‌ಫೋರ್‌ಜೆ ಮಾಡಿದ್ದು ಇದನ್ನೇ. ಡಾಲರ್ ಚಿಹ್ನೆ, ಫ್ಲವರ್ ಬ್ರಾಕೆಟ್, ಒಳಗೆ ಜೆಎನ್‌ಡಿಐ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಒಂದು ವಿಳಾಸ. ಚಾಟ್‌ನಲ್ಲಿ ಇಷ್ಟು ಬಂದರೆ ಅದು ಆ ವಿಳಾಸಕ್ಕೆ ಹೋಗಿ, ಅಲ್ಲಿಂದ ಜಾವಾ ಕೋಡ್ ತಂದು, ನಿಮ್ಮ ಕಂಪ್ಯೂಟರಿನಲ್ಲೇ ಓಡಿಸುತ್ತಿತ್ತು. 2013ರಲ್ಲಿ ಅನುಕೂಲಕ್ಕೆಂದು ಸೇರಿಸಿದ್ದ ಸೌಲಭ್ಯ ಅದು. ಎಂಟು ವರ್ಷ ಹಾಗೇ ಇತ್ತು.

ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡ 2021ರ ನವೆಂಬರ್ 24ರಂದು ಅಪಾಚೆಗೆ ತಿಳಿಸಿತು. ಡಿಸೆಂಬರ್ 9ಕ್ಕೆ ಲೋಕಕ್ಕೆಲ್ಲ ಗೊತ್ತಾಯಿತು, ಲಾಗ್‌ಫೋರ್‌ಶೆಲ್ ಎಂಬ ಹೆಸರೂ ಬಿತ್ತು. ಅಪಾಯದ ಅಂಕ 10ಕ್ಕೆ 10. ಮರುದಿನವೇ ಮೈನ್‌ಕ್ರಾಫ್ಟ್ 1.18.1 ಬಂತು. ಲಾಗ್‌ಫೋರ್‌ಜೆ ನೋಡಿಕೊಳ್ಳುವವರು ಆ ಒಂದೇ ತಿಂಗಳಲ್ಲಿ 2.15.0ದಿಂದ 2.17.1ರವರೆಗೆ ನಾಲ್ಕು ಸಲ ತಿದ್ದಿದ ಆವೃತ್ತಿ ಕೊಟ್ಟರು. ಅವರ ಮೇಲೆ ಆಗ ಬಿದ್ದ ಬೈಗುಳ ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ. ದೊಡ್ಡ ದೊಡ್ಡ ಕಂಪನಿಗಳು ಪುಕ್ಕಟೆ ಬಳಸಿದ ಸಾಮಾನು ಅದು, ಅಲ್ವಾ?

ಚಾಟ್ ಸಾಲನ್ನು ಆಡುವವರ ಕಂಪ್ಯೂಟರ್ ಕೂಡ ಬರೆದಿಡುತ್ತದೆ. ಹಾಗಾಗಿ ಸರ್ವರ್ ಜೊತೆಗೆ ಅದಕ್ಕೆ ಸೇರಿಕೊಂಡ ಗೆಳೆಯರೂ ಸಿಕ್ಕಿಬೀಳಬಹುದಿತ್ತು. ಮನೆಗಳಲ್ಲಿ ನಡೆಸುವ ಸರ್ವರ್‌ಗಳಿಗೆ ಹೀಗೇ ಚಾಟ್ ಮೂಲಕ ಖೋನ್ಸಾರಿ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ನುಗ್ಗಿಸಿದ್ದನ್ನು ಮೈಕ್ರೋಸಾಫ್ಟ್ ಕಂಡಿತ್ತು.

ಈಗ ನಿಮ್ಮ ಮನೆಯ ವಿಷಯ. ಆಟದ ಇನ್ನೊಂದು ರೂಪವಾದ ಬೆಡ್‌ರಾಕ್ ಎಡಿಷನ್ ಆದರೆ ಈ ತೂತು ಇಲ್ಲ, ಅದು ಜಾವಾದಲ್ಲಿ ಬರೆದದ್ದಲ್ಲ. ಜಾವಾ ಎಡಿಷನ್ ಆದರೆ ವರ್ಷನ್ ಎಷ್ಟು ಅಂತ ಮಗನನ್ನು ಕೇಳಿ. 1.18.1 ಅಥವಾ ಅದಕ್ಕಿಂತ ಹೊಸದು ಇದ್ದರೆ ಈ ಒಂದು ಭಯ ಬಿಡಿ. 1.7ರಿಂದ 1.18ರವರೆಗಿನದು (1.18 ಕೂಡ ಸೇರಿ) ಆಗಿದ್ದರೆ ತಕ್ಷಣ ಸರ್ವರ್ ನಿಲ್ಲಿಸಿ. ಹೊಸದಕ್ಕೆ ಹೋಗಿ, ಇಲ್ಲವೇ ಆ ವರ್ಷನ್‌ಗೆ ಮೈನ್‌ಕ್ರಾಫ್ಟ್‌ನವರು ಹೇಳಿರುವ ಬದಲಾವಣೆ ಮಾಡಿಯೇ ಮತ್ತೆ ಶುರು ಮಾಡಿ.

ಮಕ್ಕಳು ಹಳೆಯದಕ್ಕೆ ಸುಮ್ನೆ ಅಂಟಿಕೊಂಡಿರುವುದಿಲ್ಲ. ಎಷ್ಟೋ ಒಳ್ಳೊಳ್ಳೆ ಮಾಡ್‌ಗಳು, ಅಂದರೆ ಬೇರೆಯವರು ಆಟಕ್ಕೆ ಬರೆದ ಹೆಚ್ಚುವರಿ ಭಾಗಗಳು, ಇರುವುದು 1.7.10 ಮತ್ತು 1.12.2ರಲ್ಲಿ. ಅಲ್ಲಿ ಇನ್ನೊಂದು ತೊಂದರೆ ಇದೆ. 2023ರ ಜುಲೈನಲ್ಲಿ ಬ್ಲೀಡಿಂಗ್‌ಪೈಪ್ ಎಂಬ ತೂತು ಸುದ್ದಿಯಾಯಿತು. ಕೆಲವು ಮಾಡ್‌ಗಳು ಹೊರಗಿಂದ ಬಂದ ಡೇಟಾವನ್ನು ಪರೀಕ್ಷಿಸದೆ ಹಾಗೇ ಬಿಚ್ಚುತ್ತಿದ್ದವು, ಅದರಿಂದ ಸರ್ವರ್‌ನಲ್ಲಿ ಬೇಕಾದ ಕೋಡ್ ಓಡಿಸಬಹುದಿತ್ತು. ಆಟ ಅಪ್‌ಡೇಟ್ ಮಾಡಿದರೂ ಮಾಡ್‌ನ ತೂತು ಮುಚ್ಚುವುದಿಲ್ಲ. ಒಂದೊಂದು ಮಾಡ್ ಅನ್ನೂ ಹೊಸ ಆವೃತ್ತಿಗೆ ತರಬೇಕು. ನಾನಾದರೆ ಹಳೆಯ ಮಾಡ್‌ಪ್ಯಾಕ್ ಸರ್ವರ್ ಅನ್ನು ಇಂಟರ್‌ನೆಟ್‌ಗೆ ತೆರೆಯುವುದೇ ಇಲ್ಲ, ಮನೆಯ ವೈಫೈ ಒಳಗೇ ಇಟ್ಟುಕೊಳ್ಳುತ್ತೇನೆ.

ಹೊರಗಿನ ಗೆಳೆಯರು ಬರಲೇಬೇಕು ಎಂದರೆ ವೈಟ್‌ಲಿಸ್ಟ್ ಹಾಕಿ, ಅಂದರೆ ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ ಪ್ರವೇಶ. ಅದು ಎಲ್ಲವನ್ನೂ ತಡೆಯುವುದಿಲ್ಲ, ಆದರೆ ಅಪರಿಚಿತರು ಒಳಗೆ ಬರುವುದು ನಿಲ್ಲುತ್ತದೆ. ಸರ್ವರ್ ಅನ್ನು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಓಡಿಸಬೇಡಿ, ಅದಕ್ಕೆಂದೇ ಸಾಮಾನ್ಯ ಖಾತೆ ಒಂದು ಮಾಡಿಕೊಡಿ. ನೀವು ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್ ಅದೇ ಆಗಿದ್ದರೆ, ಸರ್ವರ್‌ಗೆ ಬೇರೆ ಹಳೆಯ ಲ್ಯಾಪ್‌ಟಾಪ್ ಯಾವುದಾದರೂ ಮನೆಯಲ್ಲಿದೆಯಾ ನೋಡಿ.