ತಿದ್ದಿದ್ದು ಕಾಣಬೇಕು, ಅಕ್ಷರ ಕೆಡಬಾರದು

ಸಹಕಾರ ಸಂಘದ ಬೈಲಾ ತಿದ್ದುಪಡಿಯ ಕರಡು ಮೂರು ಕೈ ದಾಟಿ ಬಂದಿದೆ ಎಂದುಕೊಳ್ಳಿ. ಅಲ್ಲೊಂದು ಸಾಲು ಕೆಂಪು, ಇಲ್ಲೊಂದು ಪದಕ್ಕೆ ಹಳದಿ, ಕೊನೆಯ ಪ್ಯಾರಾ ಪೂರ್ತಿ ನೀಲಿ. ಕೆಂಪು ಎಂದರೆ ಸೇರಿಸಿದ್ದೋ ತೆಗೆಯಬೇಕಾದ್ದೋ? ಬಣ್ಣ ಹಚ್ಚಿದವರಿಗೇ ಎರಡು ವಾರ ಕಳೆದರೆ ನೆನಪಿರುವುದಿಲ್ಲ. ಬಣ್ಣಕ್ಕೆ ಹೆಸರಿಲ್ಲದಿರುವುದೇ ಈ ಗೊಂದಲಕ್ಕೆ ಕಾರಣ. ವರ್ಡ್, ಲಿಬ್ರೆಆಫೀಸ್ ರೈಟರ್‌ನಂಥ ಬರಹದ ತಂತ್ರಾಂಶಗಳಲ್ಲಿರುವ ಕ್ಯಾರೆಕ್ಟರ್ ಸ್ಟೈಲ್, ಅಂದರೆ ಆರಿಸಿದ ಪದಕ್ಕಷ್ಟೇ ಹಚ್ಚಲು ಹೆಸರಿಟ್ಟು ಉಳಿಸಿಕೊಂಡ ರೂಪ, ಆ ಹೆಸರನ್ನು ಕೊಡುತ್ತದೆ. ಪದಕ್ಕೆ ‘ಹೊಸದು’ ಎಂಬ ಗುರುತು ಬಿದ್ದ ಮೇಲೆ ಅದು ಹಳದಿಯಾಗಿ ಕಾಣಬೇಕೋ, ಚೌಕಟ್ಟಿನೊಳಗೆ ಕಾಣಬೇಕೋ ಎಂಬುದನ್ನು ಒಂದೇ ಕಡೆ ಬದಲಿಸಿದರೆ ಇಡೀ ಕಡತ ಬದಲಾಗುತ್ತದೆ.

ತಿದ್ದಿದ್ದನ್ನೆಲ್ಲ ತಾನೇ ದಾಖಲಿಸಿಕೊಳ್ಳುವ ಟ್ರ್ಯಾಕ್ ಚೇಂಜಸ್ ಇದೆಯಲ್ಲ ಎನ್ನಬಹುದು. ಯಾರು, ಯಾವಾಗ ತಿದ್ದಿದರು ಎಂಬ ಲೆಕ್ಕ ಬೇಕಾದರೆ ಅದೇ ಸರಿ. ಸ್ಟೈಲ್ ಅದನ್ನು ಹೇಳುವುದಿಲ್ಲ. ಆದರೆ ಅಲ್ಲಿ ಅಕ್ಸೆಪ್ಟ್ ಒತ್ತಿದ ಕೂಡಲೇ ಗುರುತು ಮಾಯ. ಪಠ್ಯ ಒಪ್ಪಿಗೆಯಾದ ಮೇಲೂ ಸರ್ವಸದಸ್ಯರ ಸಭೆಯ ಮುಂದೆ ‘ಈ ಬಾರಿ ಹೊಸದಾಗಿ ಬಂದಿದ್ದು ಇದು’ ಎಂದು ಮುದ್ರಿಸಿ ತೋರಿಸಬೇಕಾದಾಗ ಸ್ಟೈಲೇ ಬೇಕು.

ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆಗೆ ಎಸ್ ಒತ್ತಿದರೆ ಸ್ಟೈಲ್ಸ್ ಪಟ್ಟಿ ತೆರೆಯುತ್ತದೆ. ಅದರ ಕೆಳತುದಿಯಲ್ಲಿರುವ ನ್ಯೂ ಸ್ಟೈಲ್ ಗುಂಡಿ ಒತ್ತಿ, ಹೆಸರು ಬರೆದು, ಸ್ಟೈಲ್ ಟೈಪ್‌ನಲ್ಲಿ ಕ್ಯಾರೆಕ್ಟರ್ ಆರಿಸಿ. ಲಿಂಕ್ಡ್ ಎಂಬುದನ್ನು ಮುಟ್ಟಬೇಡಿ. ಪದ ಆರಿಸದೆ ಸುಮ್ಮನೆ ಕರ್ಸರ್ ಇಟ್ಟು ಲಿಂಕ್ಡ್ ಸ್ಟೈಲನ್ನು ಒತ್ತಿದರೆ ಇಡೀ ಪ್ಯಾರಾ ಬಣ್ಣಕ್ಕೆ ತಿರುಗುತ್ತದೆ. ಹೆಸರುಗಳಿಗೆ ಒಂದೇ ಮೊದಲಕ್ಷರ ಇರಲಿ: ‘ತಿ1-ಹೊಸದು’, ‘ತಿ1-ತೆಗೆದದ್ದು’, ಎರಡನೇ ಸುತ್ತಿಗೆ ‘ತಿ2-ಹೊಸದು’. ಪಟ್ಟಿಯಲ್ಲಿ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಪದ ಆರಿಸಿ, ಪಟ್ಟಿಯಲ್ಲಿ ಬೇಕಾದ ಹೆಸರು ಒತ್ತಿದರೆ ಗುರುತು ಬೀಳುತ್ತದೆ. ಲಿಬ್ರೆಆಫೀಸ್ ರೈಟರ್ ಬಳಸುವವರು ಎಫ್11 ಒತ್ತಿ, ಕ್ಯಾರೆಕ್ಟರ್ ಸ್ಟೈಲ್ಸ್‌ಗೆ ಹೋಗಿ, ಬಲಗುಂಡಿ ಒತ್ತಿ ನ್ಯೂ ಎಂದರಾಯಿತು.

ಗುರುತು ಹೇಗೆ ಕಾಣಬೇಕು ಎಂಬಲ್ಲಿ ಕನ್ನಡಕ್ಕೆ ತನ್ನದೇ ತೊಡಕುಗಳಿವೆ. ಇಂಗ್ಲಿಷಿಗೆ ಒಪ್ಪುವ ಅಡಿಗೆರೆ ನಮ್ಮ ಒತ್ತಕ್ಷರಗಳನ್ನು ಕೊಯ್ದುಕೊಂಡು ಹೋಗುತ್ತದೆ. ಸಣ್ಣ ಅಕ್ಷರದಲ್ಲಿ ‘ಸ್ತ’ ಯಾವುದು, ‘ಸ್ಥ’ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ದಪ್ಪಕ್ಷರವೂ ನಂಬುವಂಥದ್ದಲ್ಲ. ವರ್ಡ್, ರೈಟರ್ ಎರಡೂ ಕನ್ನಡವನ್ನು ಕಾಂಪ್ಲೆಕ್ಸ್ ಲಿಪಿ (ಅಕ್ಷರಗಳು ಕೂಡಿಕೊಂಡು ರೂಪ ಬದಲಿಸುವ ಲಿಪಿ) ಎಂದು ಬೇರೆಯಾಗಿ ನೋಡಿಕೊಳ್ಳುತ್ತವೆ. ಬೋಲ್ಡ್ ಎಂಬುದನ್ನು ಲ್ಯಾಟಿನ್ ಲಿಪಿಗಷ್ಟೇ ಕೊಟ್ಟರೆ ಇಂಗ್ಲಿಷ್ ಪದ ದಪ್ಪವಾಗಿ, ಪಕ್ಕದ ಕನ್ನಡ ಪದ ಇದ್ದ ಹಾಗೇ ಉಳಿಯುತ್ತದೆ. ಹಿನ್ನೆಲೆ ಬಣ್ಣಕ್ಕೆ ಈ ಭೇದವಿಲ್ಲ, ಅದೇ ಒಳ್ಳೆಯದು. ವರ್ಡ್‌ನ ಹೈಲೈಟರ್ ಪೆನ್ ಸ್ಟೈಲಿನೊಳಗೆ ಸೇರುವುದಿಲ್ಲ. ಫಾರ್ಮ್ಯಾಟ್, ಬಾರ್ಡರ್, ನಂತರ ಶೇಡಿಂಗ್‌ಗೆ ಹೋಗಿ ತೆಳು ಬಣ್ಣ ಕೊಡಬೇಕು. ಪ್ರತಿಗಳು ಜೆರಾಕ್ಸ್ ಆಗುವುದಿದ್ದರೆ ಹಳದಿ ಅಲ್ಲಿ ಉಳಿಯುವುದಿಲ್ಲ. ಆಗ ಬಣ್ಣ ತೆಗೆದು ಅದೇ ಜಾಗದಲ್ಲಿ ತೆಳು ಚೌಕಟ್ಟು ಆರಿಸಿ.

ಸ್ಟೈಲಿನಲ್ಲಿ ಫಾಂಟ್ ಹೆಸರು, ಗಾತ್ರ ಎರಡನ್ನೂ ಖಾಲಿ ಬಿಡಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ, ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ ಫಾಂಟ್‌ಗಳಲ್ಲಿ ಮಾಡಿದ ಕಡತಗಳಲ್ಲಿ ಇದು ಜೀವನ್ಮರಣದ ಮಾತು. ಅಲ್ಲಿ ಕನ್ನಡವಾಗಿ ಕಾಣಿಸುವುದು ಫಾಂಟಿನ ಬಲದಿಂದ ಮಾತ್ರ. ಸ್ಟೈಲು ಬೇರೆ ಫಾಂಟ್ ಹೊತ್ತು ತಂದರೆ ಆ ಪದ ರೋಮನ್ ಚಿಹ್ನೆಗಳ ಕಲಸುಮೇಲೋಗರವಾಗುತ್ತದೆ. ಫಾಂಟನ್ನು ಕೈಯಿಂದ ಹಾಕಿದ್ದಲ್ಲಿ ಗುರುತು ತೆಗೆಯಲೆಂದು ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೂ ಇದೇ ಗತಿ.

ಯೂನಿಕೋಡಿನಲ್ಲಿ ಇನ್ನೊಂದು ಎಡವಟ್ಟು. ‘ಸದಸ್ಯ’ ಎಂಬುದನ್ನು ‘ಸದಸ್ಯೆ’ ಎಂದು ತಿದ್ದುವಾಗ ಬದಲಾದದ್ದು ಎತ್ವವಷ್ಟೇ ಎಂದು ಅದಕ್ಕೊಂದಕ್ಕೇ ಗುರುತು ಹಾಕಿದರೆ, ಆ ಚಿಹ್ನೆ ‘ಸ್ಯ’ದಿಂದ ಕಳಚಿಕೊಂಡು ಚುಕ್ಕಿ ವೃತ್ತದ ಮೇಲೆ ಕೂತು ಕಾಣಿಸಬಹುದು. ಒಂದು ಅಕ್ಷರದ ನಡುವೆ ಸ್ಟೈಲ್ ಬದಲಾದಾಗ ತಂತ್ರಾಂಶ ಎರಡು ತುಂಡುಗಳನ್ನು ಬೇರೆಬೇರೆಯಾಗಿ ಜೋಡಿಸುವುದರಿಂದ ಹೀಗಾಗುತ್ತದೆ. ಹಾಗಾಗಿ ಇಡೀ ಪದವನ್ನೇ ಗುರುತಿಸಿ: ‘ಸದಸ್ಯ’ಕ್ಕೆ ‘ತೆಗೆದದ್ದು’, ಪಕ್ಕದಲ್ಲಿ ಬರೆದ ‘ಸದಸ್ಯೆ’ಗೆ ‘ಹೊಸದು’. ಓದುವವರಿಗೂ ಸುಲಭ.

ವರ್ಡ್‌ನಲ್ಲಿ ಒಂದು ಪದಕ್ಕೆ ಒಂದೇ ಕ್ಯಾರೆಕ್ಟರ್ ಸ್ಟೈಲ್. ಅಡಿಟಿಪ್ಪಣಿಯ ಅಂಕಿ ಮೇಲೆ ನಿಂತಿರುವುದು ಅದರದೇ ಸ್ಟೈಲಿನಿಂದ. ‘ಹೊಸದು’ ಹಾಕಿದರೆ ಆ ಅಂಕಿ ಸಾಲಿಗೆ ಇಳಿದು ಪದದ ಬಾಲವಾಗುತ್ತದೆ. ಅಂಕಿಯನ್ನು ಬಿಟ್ಟು ಗುರುತಿಸಿ.

ಕೊನೆಯ ಪ್ರತಿ ತಯಾರಿಸುವಾಗ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ಹಾಳು. ಕಡತದ ಇನ್ನೊಂದು ಪ್ರತಿ ಉಳಿಸಿಕೊಂಡೇ ಶುರು ಮಾಡಿ. ವರ್ಡ್‌ನಲ್ಲಾದರೆ ಮೊದಲು ‘ತೆಗೆದದ್ದು’ ಸ್ಟೈಲನ್ನು ಮಾಡಿಫೈ ಮಾಡಿ, ಫಾಂಟ್ ಕಿಟಕಿಯಲ್ಲಿ ಹಿಡನ್ ಆರಿಸಿ. ಆ ಪದಗಳು ಮರೆಯಾಗಿ ವಾಕ್ಯಗಳು ಹೇಗೆ ಓದಿಸಿಕೊಳ್ಳುತ್ತವೆ ಎಂದು ಗೊತ್ತಾಗುತ್ತದೆ. ಸರಿ ಎನಿಸಿದ ಮೇಲೆ ಹಿಡನ್ ತೆಗೆದು, ಕಂಟ್ರೋಲ್ ಜೊತೆ ಎಚ್ ಒತ್ತಿ. ಫೈಂಡ್ ಜಾಗ ಖಾಲಿ ಇರಲಿ, ಮೋರ್, ಫಾರ್ಮ್ಯಾಟ್, ಸ್ಟೈಲ್ ಮೂಲಕ ‘ತೆಗೆದದ್ದು’ ಆರಿಸಿ, ರಿಪ್ಲೇಸ್ ಜಾಗವನ್ನೂ ಖಾಲಿ ಬಿಟ್ಟು ರಿಪ್ಲೇಸ್ ಆಲ್ ಕೊಡಿ. ಆ ಪದಗಳು ಅಳಿಯುತ್ತವೆ. ಅದೇ ಕಿಟಕಿಯಲ್ಲಿ ‘ಹೊಸದು’ ಆರಿಸಿ ಹೀಗೇ ಮಾಡಿದರೆ ಹೊಸ ಪಠ್ಯವೆಲ್ಲ ಅಳಿದುಹೋಗುತ್ತದೆ ಎಂಬುದು ನೆನಪಿರಲಿ. ‘ಹೊಸದು’ ಗುರುತನ್ನು ಕಳೆಯಲು ಸ್ಟೈಲ್ಸ್ ಪಟ್ಟಿಯಲ್ಲಿ ಆ ಸ್ಟೈಲನ್ನೇ ಡಿಲೀಟ್ ಮಾಡಿ. ಪದ ಉಳಿದು ಗುರುತು ಹೋಗುತ್ತದೆ. ಪದಗಳನ್ನು ಅಳಿಸುವ ಮೊದಲೇ ‘ತೆಗೆದದ್ದು’ ಸ್ಟೈಲನ್ನು ಡಿಲೀಟ್ ಮಾಡಿದರೆ ಕೈಬಿಟ್ಟ ವಾಕ್ಯಗಳೆಲ್ಲ ಗುರುತಿಲ್ಲದೆ ಮೂಲ ಪಠ್ಯದೊಳಗೆ ಬೆರೆತುಬಿಡುತ್ತವೆ, ಮುದ್ರಣಕ್ಕೂ ಹೋಗುತ್ತವೆ. ಇದೆಲ್ಲ ಮುಗಿದ ಮೇಲೆ ಜೋಡಿ ಸ್ಪೇಸ್ ಹುಡುಕಿ ಒಂದಾಗಿಸಿ. ಪದ ಅಳಿದ ಜಾಗದಲ್ಲೆಲ್ಲ ಅವು ಉಳಿದಿರುತ್ತವೆ.